ಜನಪದ ಪಠ್ಯಗಳ ಗಣಕ ಕಡತಗಳಲ್ಲಿ ಅಗೋಚರ ಚಿಹ್ನೆಗಳು: ಸಂಪಾದನೆಯ ದೃಷ್ಟಿಯಿಂದ ಒಂದು ವಿಮರ್ಶೆ

೧. ಪ್ರಸ್ತಾವನೆ

ಜನಪದ ಸಾಹಿತ್ಯದ ಅಧ್ಯಯನದಲ್ಲಿ ‘ಪಠ್ಯ’ ಎಂಬ ಪರಿಕಲ್ಪನೆ ಬಹುಕಾಲದಿಂದ ಚರ್ಚೆಗೆ ಒಳಗಾಗಿದೆ. ಹಾಡುಗಾರನ ಕಂಠದಲ್ಲಿರುವುದು ಪಠ್ಯವೇ, ಧ್ವನಿಸುರುಳಿಯಲ್ಲಿ ಉಳಿದದ್ದು ಪಠ್ಯವೇ, ಅಥವಾ ಸಂಗ್ರಾಹಕನು ಕೇಳಿ ಬರೆದು ಅಚ್ಚಿಗೆ ಕೊಟ್ಟದ್ದು ಪಠ್ಯವೇ ಎಂಬ ಪ್ರಶ್ನೆಗಳಿಗೆ ವಿದ್ವಾಂಸರು ಬೇರೆ ಬೇರೆ ಉತ್ತರಗಳನ್ನು ನೀಡಿದ್ದಾರೆ. ಕಂಠ, ಸುರುಳಿ, ಬರಹ ಎಂಬ ಈ ಸರಣಿಗೆ ೧೯೯೦ರ ದಶಕದಿಂದೀಚೆಗೆ ನಾಲ್ಕನೆಯ ನೆಲೆಯೊಂದು ಸೇರಿಕೊಂಡಿದೆ. ಅದು ಗಣಕದ ಕಡತ. ಮುದ್ರಣಕ್ಕೆ ದಾರಿಮಾಡಿಕೊಡುವ ತಾತ್ಕಾಲಿಕ ಸಾಧನವೆಂದು ನಾವು ಭಾವಿಸಿದ್ದ ಈ ಕಡತವೇ ಇಂದು ಎಷ್ಟೋ ಹಾಡುಗಳಿಗೆ ಉಳಿದಿರುವ ಮುಖ್ಯ ಆಧಾರವಾಗಿದೆ. ಹಾಡಿದವರಲ್ಲಿ ಅನೇಕರು ಇಂದು ಇಲ್ಲ; ಸುರುಳಿಗಳು ಬೂಷ್ಟು ಹಿಡಿದಿವೆ; ಸಂಗ್ರಾಹಕರ ಟಿಪ್ಪಣಿ ಪುಸ್ತಕಗಳು ಚೆದುರಿಹೋಗಿವೆ.

ಇಂತಹ ಕಡತಗಳನ್ನು ಇತ್ತೀಚೆಗೆ ಒಟ್ಟುಗೂಡಿಸಿ, ಹಳೆಯ ಅಕ್ಷರ ಸಂಕೇತದಿಂದ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿ, ಹುಡುಕಲು ಅನುಕೂಲವಾಗುವಂತೆ ಅಣಿಗೊಳಿಸುವ ಕೆಲಸ ನಡೆದಿದೆ. ಈ ಕೆಲಸದ ಒಂದು ಹಂತವನ್ನು ತಂತ್ರಜ್ಞರು ‘ಶುದ್ಧೀಕರಣ’ ಎಂದು ಕರೆಯುತ್ತಾರೆ. ಕಡತದೊಳಗೆ ಕಣ್ಣಿಗೆ ಕಾಣದೆ ಸೇರಿಕೊಂಡಿರುವ ನಿಯಂತ್ರಣ ಚಿಹ್ನೆಗಳನ್ನು ಶೆಲ್ ಸ್ಕ್ರಿಪ್ಟ್ ಎಂಬ ಆದೇಶಮಾಲೆಯ ಮೂಲಕ ಒಂದೇ ಬಾರಿಗೆ ಅಳಿಸುವುದು ಅಥವಾ ಬದಲಿಸುವುದು ಇದರ ತಿರುಳು. ಸಾವಿರಾರು ಪುಟಗಳ ಮೇಲೆ ಕ್ಷಣಮಾತ್ರದಲ್ಲಿ ನಡೆಯುವ ಈ ಕ್ರಿಯೆಯನ್ನು ಯಾರೂ ಸಂಪಾದನೆಯೆಂದು ಪರಿಗಣಿಸಿಲ್ಲ. ಅಳಿಸಿದ್ದು ಏನನ್ನು ಎಂಬ ವಿವರ ಯಾವ ಪೀಠಿಕೆಯಲ್ಲಿಯೂ ಕಾಣಸಿಗುವುದಿಲ್ಲ. ಅಗೋಚರ ಚಿಹ್ನೆಗಳನ್ನು ಬದಲಿಸುವುದು ಸಂಪಾದಕೀಯ ನಿರ್ಧಾರವೇ ಆಗಿದೆ, ಆದ್ದರಿಂದ ಗ್ರಂಥ ಸಂಪಾದನೆಯ ಶಿಸ್ತು ಅದಕ್ಕೂ ಅನ್ವಯಿಸಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪ್ರತಿಪಾದಿಸಲಾಗಿದೆ.

೨. ಅಗೋಚರ ಚಿಹ್ನೆಗಳ ಹಿನ್ನೆಲೆ

ಗಣಕವು ಅಕ್ಷರಗಳನ್ನು ಸಂಖ್ಯೆಗಳಾಗಿ ಸಂಗ್ರಹಿಸುತ್ತದೆ. ೧೯೬೩ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಸಂಕೇತದಲ್ಲಿ ಒಟ್ಟು ೧೨೮ ಸ್ಥಾನಗಳಿವೆ. ಅವುಗಳಲ್ಲಿ ೦ಯಿಂದ ೩೧ರವರೆಗಿನವು ಮತ್ತು ೧೨೭, ಅಂದರೆ ಒಟ್ಟು ೩೩ ಸ್ಥಾನಗಳು, ಯಾವ ಅಕ್ಷರವನ್ನೂ ಸೂಚಿಸುವುದಿಲ್ಲ. ಇವು ಟೆಲಿಪ್ರಿಂಟರ್ ಯಂತ್ರಕ್ಕೆ ನೀಡುವ ಆಜ್ಞೆಗಳಾಗಿದ್ದವು. ೭ ಎಂದರೆ ಗಂಟೆ ಬಾರಿಸು. ೧೦ ಎಂದರೆ ಕಾಗದವನ್ನು ಒಂದು ಸಾಲು ಮೇಲೆ ಸರಿಸು. ೧೩ ಎಂದರೆ ಅಚ್ಚುಮೊಳೆಯ ಗಾಡಿಯನ್ನು ಸಾಲಿನ ಆರಂಭಕ್ಕೆ ತಾ. ೧೨೭ರ ಕಥೆ ಇನ್ನೂ ಸ್ವಾರಸ್ಯಕರವಾದುದು. ರಂಧ್ರಪಟ್ಟಿಯಲ್ಲಿ ತಪ್ಪಾಗಿ ಕೊರೆದ ಅಕ್ಷರವನ್ನು ಮುಚ್ಚಲು ಸಾಧ್ಯವಿಲ್ಲದ ಕಾರಣ ಆ ಸ್ಥಾನದ ಏಳೂ ರಂಧ್ರಗಳನ್ನು ಕೊರೆದು ಅದನ್ನು ರದ್ದುಗೊಳಿಸುತ್ತಿದ್ದರು. ಏಳೂ ರಂಧ್ರಗಳು ಸೇರಿದರೆ ಬರುವ ಸಂಖ್ಯೆಯೇ ೧೨೭. ತಾಳೆಗರಿಯ ಲಿಪಿಕಾರನು ತಪ್ಪು ಅಕ್ಷರದ ಮೇಲೆ ಗೀರು ಎಳೆಯುವುದಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ.

ಯಂತ್ರಗಳು ಮರೆಯಾದರೂ ಆಜ್ಞೆಗಳು ಕಡತಗಳಲ್ಲಿ ಉಳಿದುಕೊಂಡವು. ವಿಂಡೋಸ್ ವ್ಯವಸ್ಥೆಯಲ್ಲಿ ಪ್ರತಿ ಸಾಲಿನ ಕೊನೆಗೆ ೧೩ ಮತ್ತು ೧೦ ಎಂಬ ಎರಡು ಚಿಹ್ನೆಗಳು ಬರುತ್ತವೆ. ಯುನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳಲ್ಲಿ ೧೦ ಒಂದೇ ಸಾಕು. ಒಂದರಲ್ಲಿ ಸಿದ್ಧವಾದ ಕಡತವನ್ನು ಇನ್ನೊಂದರಲ್ಲಿ ತೆರೆದಾಗ ಪ್ರತಿ ಸಾಲಿನ ತುದಿಯಲ್ಲಿ ೧೩ ಅಡಗಿ ಕುಳಿತಿರುತ್ತದೆ. ಇದರೊಂದಿಗೆ ಕಡತದ ಆರಂಭದಲ್ಲಿ ಬೈಟುಗಳ ಕ್ರಮವನ್ನು ಸೂಚಿಸುವ ೬೫೨೭೯, ಸಾಲು ಒಡೆಯದಂತೆ ತಡೆಯುವ ಅಂತರವಾದ ೧೬೦, ಅಗಲವಿಲ್ಲದ ಅಂತರವಾದ ೮೨೦೩ ಮುಂತಾದವು ಸೇರಿಕೊಳ್ಳುತ್ತವೆ.

ಇವುಗಳನ್ನು ನಿವಾರಿಸಲು ಬಳಸುವ ಪರಿಕರಗಳೂ ಹಳೆಯವೇ. ಬೆಲ್ ಪ್ರಯೋಗಾಲಯದಲ್ಲಿ ೧೯೭೦ರ ದಶಕದಲ್ಲಿ ರೂಪುಗೊಂಡ ಗ್ರೆಪ್, ಸೆಡ್, ಆಕ್, ಟಿಆರ್ ಎಂಬ ಆದೇಶಗಳು ಇಂದಿಗೂ ಬಳಕೆಯಲ್ಲಿವೆ. ಗ್ರೆಪ್ ಹುಡುಕುತ್ತದೆ, ಸೆಡ್ ಸಾಲುಸಾಲಾಗಿ ತಿದ್ದುತ್ತದೆ, ಟಿಆರ್ ಒಂದು ಚಿಹ್ನೆಯ ಬದಲಿಗೆ ಇನ್ನೊಂದನ್ನು ಇಡುತ್ತದೆ. ಇವುಗಳನ್ನು ಒಂದು ಕಡತದಲ್ಲಿ ಸಾಲಾಗಿ ಬರೆದರೆ ಅದೇ ಶೆಲ್ ಸ್ಕ್ರಿಪ್ಟ್. ಇವು ಆಂಗ್ಲ ಅಕ್ಷರಗಳಿಗಷ್ಟೇ ಸ್ಥಾನವಿದ್ದ ಕಾಲದಲ್ಲಿ ಹುಟ್ಟಿದವು ಎಂಬ ಸಂಗತಿಯನ್ನು ನೆನಪಿನಲ್ಲಿಡುವುದು ಅಗತ್ಯ.

೩. ಕನ್ನಡ ಲಿಪಿಯ ಎರಡು ಶೂನ್ಯಗಳು

ಮೇಲೆ ಹೇಳಿದ ಚಿಹ್ನೆಗಳು ಎಲ್ಲ ಭಾಷೆಗಳ ಕಡತಗಳಿಗೂ ಸಾಮಾನ್ಯವಾದವು. ಕನ್ನಡಕ್ಕೆ ವಿಶೇಷವಾಗಿ ಸಂಬಂಧಿಸಿದ ಎರಡು ಚಿಹ್ನೆಗಳು ಬೇರೆಯೇ ಇವೆ. ಯೂನಿಕೋಡ್ ಕೋಷ್ಟಕದಲ್ಲಿ ೮೨೦೪ ಮತ್ತು ೮೨೦೫ ಎಂಬ ಸಂಖ್ಯೆಗಳನ್ನು ಪಡೆದಿರುವ ಇವುಗಳನ್ನು ಅಗಲವಿಲ್ಲದ ಬಿಡಿಕೆ ಮತ್ತು ಅಗಲವಿಲ್ಲದ ಕೂಡಿಕೆ ಎಂದು ಕರೆಯಬಹುದು. ಇವುಗಳಿಗೆ ಸ್ವಂತ ಆಕಾರವಿಲ್ಲ, ಉಚ್ಚಾರಣೆಯೂ ಇಲ್ಲ. ನೆರೆಯ ಅಕ್ಷರಗಳು ಹೇಗೆ ಕೂಡಬೇಕು ಅಥವಾ ಕೂಡಬಾರದು ಎಂಬುದನ್ನು ಮಾತ್ರ ಇವು ನಿರ್ಧರಿಸುತ್ತವೆ.

‘ರಾಜ್‌ಕುಮಾರ್’ ಎಂಬ ಹೆಸರನ್ನು ಗಮನಿಸಬಹುದು. ಜಕಾರದ ವಿರಾಮದ ಬಳಿಕ ಬಿಡಿಕೆಯಿದ್ದರೆ ಮಾತ್ರ ಅರ್ಧಾಕ್ಷರವು ಬಿಡಿಯಾಗಿ ನಿಲ್ಲುತ್ತದೆ. ಅದಿಲ್ಲವಾದರೆ ಕಕಾರವು ಒತ್ತಾಗಿ ಕೆಳಗಿಳಿದು ‘ರಾಜ್ಕುಮಾರ್’ ಎಂದಾಗುತ್ತದೆ. ಹಾಗೆಯೇ ‘ರ‍್ಯಾಂಕ್’ ಎಂಬ ಪದದಲ್ಲಿ ರಕಾರಕ್ಕೆ ಯಕಾರದ ಒತ್ತು ಬರಬೇಕಾದರೆ ಕೂಡಿಕೆ ಬೇಕು. ಅದಿಲ್ಲದಿದ್ದರೆ ರಕಾರವು ಅರ್ಕಾವತ್ತಾಗಿ ಯಕಾರದ ಬಲಕ್ಕೆ ಸರಿಯುತ್ತದೆ. ಯೂನಿಕೋಡ್ ನಿಯಮದಂತೆ ಕೂಡಿಕೆಯು ರಕಾರದ ಕೂಡಲೇ, ವಿರಾಮಕ್ಕಿಂತ ಮೊದಲು ಬರಬೇಕು. ಆದರೆ ವಿರಾಮದ ನಂತರ ಕೂಡಿಕೆಯನ್ನು ಇಟ್ಟಿರುವ ಕಡತಗಳೂ ಹೇರಳವಾಗಿ ದೊರೆಯುತ್ತವೆ. ಒಂದೇ ಪದ, ಒಂದೇ ಆಕಾರ, ಒಳಗಿನ ಬರಹ ಮಾತ್ರ ಎರಡು ಬಗೆ.

ಇಲ್ಲಿ ಒಂದು ಐತಿಹಾಸಿಕ ಅಂಶವನ್ನು ಗಮನಿಸಬೇಕು. ೧೯೯೧ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತದಲ್ಲಿ ಅರ್ಧಾಕ್ಷರವನ್ನು ಬಿಡಿಯಾಗಿ ತೋರಿಸಲು ವಿರಾಮವನ್ನು ಎರಡು ಬಾರಿ ಬರೆಯುವ ಕ್ರಮವಿತ್ತು. ಆನಂತರ ವ್ಯಾಪಕವಾದ ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಂಕೇತವು ಧ್ವನಿಯನ್ನಲ್ಲ, ಆಕಾರವನ್ನು ಹಿಡಿದಿಡುತ್ತಿತ್ತು. ಅಲ್ಲಿ ಅರ್ಧಾಕ್ಷರ ಬೇರೆ ತುಣುಕು, ಒತ್ತು ಬೇರೆ ತುಣುಕು, ಅರ್ಕಾವತ್ತು ಮತ್ತೊಂದು ತುಣುಕು. ‘ರಾಜ್’ ಬಿಡಿಯಾಗಿ ನಿಂತಿತೋ ಇಲ್ಲವೋ ಎಂಬುದು ಬೆರಳಚ್ಚಿಸಿದವನಿಗೂ ಕರಡು ತಿದ್ದಿದವನಿಗೂ ಕಣ್ಣಿಗೆ ಕಾಣುತ್ತಿದ್ದ ಸಂಗತಿ. ಆ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಅದೇ ಕಾಣುವ ವ್ಯತ್ಯಾಸವು ಕಾಣದ ಚಿಹ್ನೆಯಾಗಿ ಮಾರ್ಪಡುತ್ತದೆ. ಎಚ್ಚರದಿಂದ ರೂಪಿಸಿದ ಪರಿವರ್ತಕವು ಬಿಡಿಕೆಯನ್ನು ಸೇರಿಸುವುದು ಈ ಕಾರಣಕ್ಕಾಗಿಯೇ. ಆದ್ದರಿಂದ ಬಿಡಿಕೆಯನ್ನು ಯಂತ್ರ ಬಿಟ್ಟುಹೋದ ಕಸವೆಂದು ಭಾವಿಸುವುದು ಸರಿಯಲ್ಲ. ಅನೇಕ ಸಂದರ್ಭಗಳಲ್ಲಿ ಅದು ಲಿಪಿಕಾರನ ನಿರ್ಧಾರದ ಕೊನೆಯ ಕುರುಹು.

೪. ಜನಪದ ಪಠ್ಯದಲ್ಲಿ ಬಿಡಿಕೆಯ ಕೆಲಸ

ಶಿಷ್ಟ ಗದ್ಯದಲ್ಲಿ ಬಿಡಿಕೆಯು ಹೆಚ್ಚಾಗಿ ಅನ್ಯದೇಶ್ಯ ಪದಗಳಲ್ಲಿ ಹಾಗೂ ಅವುಗಳಿಗೆ ಪ್ರತ್ಯಯ ಹತ್ತಿಸುವಲ್ಲಿ ಬರುತ್ತದೆ. ಜನಪದ ಪಠ್ಯಗಳಲ್ಲಿ ಅದರ ವ್ಯಾಪ್ತಿ ಹಿರಿದು. ಆಡುಮಾತಿನಲ್ಲಿ ಸ್ವರಲೋಪ ಸಹಜ. ‘ನೋಡಿಕೊಂಡು’ ಎಂಬುದು ಮಂಡ್ಯ, ಚಾಮರಾಜನಗರಗಳ ಕಡೆ ‘ನೋಡ್‌ಕಂಡು’ ಆಗುತ್ತದೆ. ‘ಬಂದುಬಿಟ್ಟ’ ಎಂಬುದು ‘ಬಂದ್‌ಬುಟ್ಟ’ ಆಗುತ್ತದೆ. ಸಂಗ್ರಾಹಕನು ಇವುಗಳನ್ನು ಬಿಡಿಸಿ ಬರೆಯಬಹುದು, ಅಥವಾ ‘ನೋಡ್ಕಂಡು’, ‘ಬಂದ್ಬುಟ್ಟ’ ಎಂದು ಒತ್ತಕ್ಷರವಾಗಿ ಕೂಡಿಸಿ ಬರೆಯಬಹುದು.

ಈ ಎರಡು ಬರಹಗಳ ನಡುವೆ ಛಂದಸ್ಸಿನ ದೃಷ್ಟಿಯಿಂದ ವ್ಯತ್ಯಾಸವಿಲ್ಲ ಎಂಬುದನ್ನು ಮೊದಲೇ ಒಪ್ಪಬೇಕು. ಎರಡರಲ್ಲಿಯೂ ಮಾತ್ರೆಗಳ ಲೆಕ್ಕ ಒಂದೇ. ಉಚ್ಚಾರಣೆಯಲ್ಲಿಯೂ ಎದ್ದುಕಾಣುವ ಭೇದವಿಲ್ಲ. ವ್ಯತ್ಯಾಸವಿರುವುದು ಪದಗಳ ಗಡಿಯಲ್ಲಿ. ಹಾಡುಗಾರನು ಒಂದೆಡೆ ಎರಡು ಪದಗಳನ್ನು ಒಂದೇ ಉಸಿರಿನಲ್ಲಿ ಕೂಡಿಸಿ ನುಡಿದು, ಇನ್ನೊಂದೆಡೆ ನಡುವೆ ತುಸು ತಡೆದು ನುಡಿದಾಗ, ಸೂಕ್ಷ್ಮಗ್ರಾಹಿಯಾದ ಸಂಗ್ರಾಹಕನು ಮೊದಲನೆಯದನ್ನು ಕೂಡಿಸಿ ಎರಡನೆಯದನ್ನು ಬಿಡಿಸಿ ಬರೆದಿರುವುದು ಸಾಧ್ಯ. ಒಂದೇ ಕಾವ್ಯದೊಳಗೆ ಎರಡೂ ರೂಪಗಳು ಕಂಡುಬಂದರೆ ಅದು ಬೆರಳಚ್ಚಿನ ಅಜಾಗರೂಕತೆಯೋ ಹಾಡಿಕೆಯ ಲಕ್ಷಣವೋ ಎಂದು ಸಂಶೋಧಕನು ಕೇಳಬೇಕಾಗುತ್ತದೆ. ಬಿಡಿಕೆಯನ್ನು ಸಗಟಾಗಿ ಅಳಿಸಿದ ಮೇಲೆ ಆ ಪ್ರಶ್ನೆಯನ್ನು ಕೇಳುವ ಅವಕಾಶವೇ ಇಲ್ಲವಾಗುತ್ತದೆ. ಉತ್ತರ ತಪ್ಪುವುದಕ್ಕಿಂತ ಪ್ರಶ್ನೆಯೇ ಅಳಿಸಿಹೋಗುವುದು ಸಂಶೋಧನೆಗೆ ಹೆಚ್ಚಿನ ಹಾನಿ.

ಮೌನವನ್ನು ಬರೆಯುವ ಈ ಸಮಸ್ಯೆ ಕನ್ನಡಕ್ಕೆ ಸೀಮಿತವಾದುದಲ್ಲ. ಅಮೆರಿಕದ ಡೆನ್ನಿಸ್ ಟೆಡ್‌ಲಾಕ್ ೧೯೭೨ರಲ್ಲಿ ಪ್ರಕಟಿಸಿದ ಜೂನಿ ಕಥೆಗಳ ಸಂಕಲನದಲ್ಲಿ ಕಥೆಗಾರನ ಪ್ರತಿಯೊಂದು ನಿಲುಗಡೆಗೂ ಸಾಲನ್ನು ಮುರಿದು, ಗದ್ಯವೆಂದು ಭಾವಿಸಲಾಗಿದ್ದ ಕಥನವನ್ನು ಪದ್ಯದಂತೆ ಮುದ್ರಿಸಿದರು. ಸಾಲಿನ ಕೊನೆಯೆಂಬುದು ಅವರಿಗೆ ಕಾಗದದ ಅಗಲದಿಂದ ಒದಗಿದ ಅನಿವಾರ್ಯತೆಯಾಗಿರಲಿಲ್ಲ. ಅದು ಉಸಿರಿನ ದಾಖಲೆಯಾಗಿತ್ತು. ಲೌರಿ ಹೊಂಕೊ ಅವರು ಗೋಪಾಲ ನಾಯ್ಕರಿಂದ ಸಂಗ್ರಹಿಸಿ, ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಸಹಯೋಗದಲ್ಲಿ ೧೯೯೮ರಲ್ಲಿ ಪ್ರಕಟಿಸಿದ ತುಳು ಸಿರಿ ಕಾವ್ಯದಲ್ಲಿ ೧೫,೬೮೩ ಸಾಲುಗಳಿವೆ. ಸಾಲನ್ನು ಎಲ್ಲಿ ನಿಲ್ಲಿಸಬೇಕೆಂಬ ವಿವೇಚನೆಯಿಲ್ಲದೆ ಈ ಸಂಖ್ಯೆಗೆ ಅರ್ಥವೇ ಇಲ್ಲ. ಗಣಕದ ಕಡತದಲ್ಲಿ ಈ ವಿವೇಚನೆಯೆಲ್ಲವೂ ೧೦ ಎಂಬ ಒಂದು ಅಗೋಚರ ಸಂಖ್ಯೆಯಲ್ಲಿ ಅಡಗಿರುತ್ತದೆ.

೫. ಆದೇಶಗಳು ಮಾಡುವ ಹಾನಿ: ಸದ್ದಿನದು ಮತ್ತು ಸದ್ದಿಲ್ಲದ್ದು

ಶುದ್ಧೀಕರಣದ ಆದೇಶಗಳಿಂದಾಗುವ ಹಾನಿಯನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ತಕ್ಷಣವೇ ಕಣ್ಣಿಗೆ ಬೀಳುವ ಹಾನಿ.

ಟಿಆರ್ ಆದೇಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ದೊರೆಯುವ ಇದರ ಗ್ನೂ ಆವೃತ್ತಿಯು ಅಕ್ಷರಗಳ ಮಟ್ಟದಲ್ಲಿ ಅಲ್ಲ, ಬೈಟುಗಳ ಮಟ್ಟದಲ್ಲಿ ಕೆಲಸ ಮಾಡುತ್ತ ಬಂದಿದೆ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ೧೯೯೨ರಲ್ಲಿ ರೂಪಿಸಿದ ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟುಗಳಾಗಿ ದಾಖಲಾಗುತ್ತದೆ. ಕೂಡಿಕೆಯ ಮೂರು ಬೈಟುಗಳು ೨೨೬, ೧೨೮, ೧೪೧. ಕನ್ನಡ ವಿರಾಮ ಚಿಹ್ನೆಯ ಮೂರು ಬೈಟುಗಳು ೨೨೪, ೧೭೯, ೧೪೧. ಕೂಡಿಕೆಯನ್ನು ಅಳಿಸಲೆಂದು ಅದರ ಮೂರು ಬೈಟುಗಳನ್ನು ಟಿಆರ್‌ಗೆ ನೀಡಿದರೆ ಅದು ೧೪೧ನ್ನು ಕಂಡಲ್ಲೆಲ್ಲ ಅಳಿಸುತ್ತದೆ. ಪರಿಣಾಮವಾಗಿ ಕಡತದಲ್ಲಿನ ಎಲ್ಲ ವಿರಾಮಗಳೂ, ಅವುಗಳೊಂದಿಗೆ ಎಲ್ಲ ಒತ್ತಕ್ಷರಗಳೂ ಮುರಿದುಬೀಳುತ್ತವೆ. ೧೨೮ ಎಂಬುದು ದೀರ್ಘ ‘ೀ’ ಚಿಹ್ನೆಯ ಕೊನೆಯ ಬೈಟು. ಆದ್ದರಿಂದ ಆ ಚಿಹ್ನೆಯೂ ಹೋಗುತ್ತದೆ. ಬಿಡಿಕೆಯನ್ನು ಇದೇ ರೀತಿಯಲ್ಲಿ ಅಳಿಸಹೊರಟರೆ ಅದರ ಕೊನೆಯ ಬೈಟಾದ ೧೪೦ರ ಜೊತೆಗೆ ‘ೌ’ ಚಿಹ್ನೆ ಹೋಗುತ್ತದೆ. ಒಂದು ಕಳೆಯನ್ನು ಕೀಳಲು ಹೋಗಿ ಹೊಲದ ಪೈರನ್ನೆಲ್ಲ ಕೊಯ್ದಂತೆ.

ನಿಯಂತ್ರಣ ಚಿಹ್ನೆಗಳ ವರ್ಗವನ್ನೇ ಅಳಿಸುವ ಆದೇಶವೂ ಇಷ್ಟೇ ಅಪಾಯಕಾರಿ. ಸಾಲಿನ ಕೊನೆಯನ್ನು ಸೂಚಿಸುವ ೧೦ ಕೂಡ ಆ ವರ್ಗಕ್ಕೆ ಸೇರಿರುವುದರಿಂದ ಇಡೀ ಕಾವ್ಯವು ಒಂದೇ ಸಾಲಾಗಿ ಬೆಸೆದುಕೊಳ್ಳುತ್ತದೆ. ಮುದ್ರಣಯೋಗ್ಯ ಅಕ್ಷರಗಳನ್ನು ಮಾತ್ರ ಉಳಿಸುವಂತೆ ಬೈಟುಗಳ ಮಟ್ಟದಲ್ಲಿ ಆದೇಶಿಸಿದರೆ ಕನ್ನಡವೇ ಉಳಿಯುವುದಿಲ್ಲ. ಆಸ್ಕಿಯ ಲೇಖನಚಿಹ್ನೆಗಳೂ ಖಾಲಿ ಅಂತರಗಳೂ ಮಾತ್ರ ಉಳಿಯುತ್ತವೆ. ಹಳೆಯ ನುಡಿ ಕಡತಗಳ ಅಕ್ಷರತುಣುಕುಗಳಲ್ಲಿ ಬಹುಭಾಗ ೧೨೭ಕ್ಕಿಂತ ಮೇಲಿನ ಸ್ಥಾನಗಳಲ್ಲಿರುವುದರಿಂದ, ಪರಿವರ್ತನೆಗೆ ಮೊದಲೇ ಇಂತಹ ಆದೇಶವನ್ನು ಪ್ರಯೋಗಿಸಿದರೆ ಆಗುವ ನಷ್ಟವೂ ಅಷ್ಟೇ. ಆದರೆ ಈ ತಪ್ಪುಗಳೆಲ್ಲ ಸದ್ದು ಮಾಡುತ್ತವೆ. ಪರದೆಯ ಮೇಲೆ ಮುರಿದ ಚೌಕಗಳು ಕಾಣಿಸಿಕೊಂಡ ಕೂಡಲೇ ತಂತ್ರಜ್ಞನು ಎಚ್ಚೆತ್ತುಕೊಳ್ಳುತ್ತಾನೆ. ಮೂಲ ಕಡತದ ಪ್ರತಿಯೊಂದಿದ್ದರೆ ಎಲ್ಲವೂ ಸರಿಹೋಗುತ್ತದೆ.

ಎರಡನೆಯದು ಸದ್ದಿಲ್ಲದ ಹಾನಿ. ಸೆಡ್ ಆದೇಶವನ್ನು ಸರಿಯಾಗಿ ಬಳಸಿ, ಬಿಡಿಕೆಯ ಮೂರು ಬೈಟುಗಳನ್ನು ಒಂದು ಘಟಕವಾಗಿಯೇ ಗುರುತಿಸಿ ಅಳಿಸಿದಾಗ ಯಾವ ಚೌಕವೂ ಕಾಣುವುದಿಲ್ಲ. ಎಲ್ಲ ಅಕ್ಷರಗಳೂ ಸುಂದರವಾಗಿ ಕೂಡಿಕೊಳ್ಳುತ್ತವೆ. ‘ನೋಡ್‌ಕಂಡು’ ಎಂಬುದು ‘ನೋಡ್ಕಂಡು’ ಆದದ್ದು ಯಾರ ಗಮನಕ್ಕೂ ಬರುವುದಿಲ್ಲ. ಸೆಡ್‌ನಲ್ಲಿ ಕಡತವನ್ನು ಸ್ಥಳದಲ್ಲೇ ತಿದ್ದುವ ಆಯ್ಕೆಯೊಂದಿದ್ದು, ಹಳೆಯ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸುವಂತೆ ಪ್ರತ್ಯೇಕವಾಗಿ ಸೂಚಿಸದಿದ್ದರೆ ಮೂಲವು ಅಲ್ಲಿಗೇ ಇಲ್ಲವಾಗುತ್ತದೆ. ತಾಂತ್ರಿಕವಾಗಿ ಅತ್ಯಂತ ಸರಿಯಾದ ಆದೇಶವೇ ಸಂಪಾದನೆಯ ದೃಷ್ಟಿಯಿಂದ ಅತ್ಯಂತ ಕಳವಳಕಾರಿಯಾಗುವುದು ಹೀಗೆ.

೬. ಶುದ್ಧೀಕರಣದ ಪರವಾದ ವಾದ

ಹಾಗಾದರೆ ಕಡತಗಳನ್ನು ಮುಟ್ಟದೆ ಬಿಡಬೇಕೆ? ಇದೂ ಒಪ್ಪತಕ್ಕ ನಿಲುವಲ್ಲ. ಶುದ್ಧೀಕರಿಸದ ಕಡತವು ಸಂಶೋಧಕನಿಗೆ ಸುಳ್ಳು ಹೇಳುತ್ತದೆ ಎಂಬುದನ್ನು ತಂತ್ರಜ್ಞರು ಸರಿಯಾಗಿಯೇ ಎತ್ತಿತೋರಿಸುತ್ತಾರೆ.

ಮಿಲ್ಮನ್ ಪ್ಯಾರಿ ೧೯೩೦ರ ದಶಕದಲ್ಲಿ ಯುಗೊಸ್ಲಾವಿಯದಲ್ಲಿ ನಡೆಸಿದ ಕ್ಷೇತ್ರಕಾರ್ಯ ಮತ್ತು ಆಲ್ಬರ್ಟ್ ಲಾರ್ಡ್ ೧೯೬೦ರಲ್ಲಿ ಪ್ರಕಟಿಸಿದ ಗ್ರಂಥದ ನಂತರ ಮೌಖಿಕ ಕಾವ್ಯಗಳಲ್ಲಿನ ಸಿದ್ಧಸೂತ್ರಗಳ ಎಣಿಕೆಯು ಜಾನಪದ ಸಂಶೋಧನೆಯ ಒಂದು ಮುಖ್ಯ ವಿಧಾನವಾಗಿದೆ. ಒಂದು ನುಡಿಗಟ್ಟು ಎಷ್ಟು ಬಾರಿ, ಸಾಲಿನ ಯಾವ ಸ್ಥಾನದಲ್ಲಿ ಮರುಕಳಿಸುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ‘ಗುರುವೆ’ ಎಂಬ ಪದವು ಸಾಲಿನ ಕೊನೆಯಲ್ಲಿ ಎಷ್ಟು ಸಲ ಬಂದಿದೆ ಎಂದು ಗ್ರೆಪ್ ಮೂಲಕ ಹುಡುಕಿದಾಗ, ಪ್ರತಿ ಸಾಲಿನ ತುದಿಯಲ್ಲಿ ೧೩ ಅಡಗಿದ್ದರೆ ಉತ್ತರ ಸೊನ್ನೆ ಬರುತ್ತದೆ. ಗಣಕದ ಲೆಕ್ಕದಲ್ಲಿ ಸಾಲು ಮುಗಿಯುವುದು ‘ಗುರುವೆ’ಯಿಂದಲ್ಲ, ಕಾಣದ ೧೩ರಿಂದ. ಎಚ್ಚರತಪ್ಪಿದ ಸಂಶೋಧಕನು ಈ ಕಾವ್ಯದಲ್ಲಿ ಸಾಲಿನ ಕೊನೆಯ ಸಂಬೋಧನೆಯೇ ಇಲ್ಲವೆಂದು ತೀರ್ಮಾನಿಸಬಹುದು. ಬಿಡಿಕೆಯಿರುವ ಮತ್ತು ಇಲ್ಲದ ರೂಪಗಳನ್ನು ಗ್ರೆಪ್ ಎರಡು ಬೇರೆ ಪದಗಳೆಂದೇ ಪರಿಗಣಿಸುವುದರಿಂದ ಸೂತ್ರಗಳ ಎಣಿಕೆಯೂ ತಪ್ಪುತ್ತದೆ.

ಅಲ್ಲದೆ ಎಲ್ಲ ಬಿಡಿಕೆಗಳೂ ಲಿಪಿಕಾರನ ನಿರ್ಧಾರದ ಕುರುಹುಗಳಲ್ಲ. ಕೆಲವು ತಂತ್ರಾಂಶಗಳು ಪದಾಂತ್ಯದ ಪ್ರತಿಯೊಂದು ಅರ್ಧಾಕ್ಷರದ ಬಳಿಕವೂ ತಾವಾಗಿ ಬಿಡಿಕೆಯನ್ನು ಸೇರಿಸಿವೆ. ಪದದ ನಂತರ ಖಾಲಿ ಅಂತರವೋ ಪೂರ್ಣವಿರಾಮವೋ ಬರುವಲ್ಲಿ ಅದಕ್ಕೆ ಯಾವ ಕೆಲಸವೂ ಇಲ್ಲ. ಹಾಗೆಯೇ ‘ೋ’ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ತುಂಡುಗಳಾಗಿಯೂ ಬರೆಯಬಹುದು. ಇವೆರಡೂ ಸಮಾನವೆಂದು ಯೂನಿಕೋಡ್ ಘೋಷಿಸಿರುವುದರಿಂದ ಅವುಗಳನ್ನು ಒಂದುಗೂಡಿಸುವುದರಲ್ಲಿ ನಷ್ಟವಿಲ್ಲ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ಸಂಪುಟಗಳಾಗಿ ಬಂದ ಸಮಗ್ರ ವಚನ ಸಾಹಿತ್ಯವನ್ನು ಪದಶಃ ಹುಡುಕಲು ಅನುವು ಮಾಡಿಕೊಟ್ಟ ವಚನ ಸಂಚಯದಂತಹ ಯೋಜನೆಗಳು ಏಕರೂಪತೆಯಿಲ್ಲದ ಕಡತಗಳ ಮೇಲೆ ನಿಲ್ಲಲಾರವು. ಈ ಕ್ಷೇತ್ರದಲ್ಲಿ ಸ್ವಯಂಪ್ರೇರಣೆಯಿಂದ ದುಡಿದ ತಂತ್ರಜ್ಞರಿಗೆ ಕನ್ನಡ ಸಂಶೋಧನೆ ಋಣಿಯಾಗಿದೆ. ಅವರ ಕೆಲಸ ಅಗತ್ಯವೆಂಬುದರಲ್ಲಿ ಸಂದೇಹವಿಲ್ಲ; ಅದರ ದಾಖಲೆ ಇಲ್ಲದಿರುವುದೇ ಇಲ್ಲಿನ ಆಕ್ಷೇಪ.

೭. ಗ್ರಂಥ ಸಂಪಾದನೆಯ ಬೆಳಕಿನಲ್ಲಿ

ಕನ್ನಡದಲ್ಲಿ ಗ್ರಂಥ ಸಂಪಾದನೆಗೆ ಭದ್ರವಾದ ಪರಂಪರೆಯಿದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ (೧೯೬೪) ಇಂದಿಗೂ ಈ ಶಾಸ್ತ್ರದ ಆಧಾರಗ್ರಂಥ. ಹಸ್ತಪ್ರತಿಯಲ್ಲಿ ಪದಗಳ ನಡುವೆ ಅಂತರವಿರುವುದಿಲ್ಲ. ಪದ್ಯಗಳು ಗರಿಯ ಉದ್ದಕ್ಕೂ ಒಂದೇ ಸಮನೆ ಸಾಗುತ್ತವೆ. ಎಕಾರ ಒಕಾರಗಳ ಹ್ರಸ್ವದೀರ್ಘ ಭೇದ ಅನೇಕ ಪ್ರತಿಗಳಲ್ಲಿ ಕಾಣದು. ದ್ವಿತ್ವವನ್ನು ಕೆಲವೊಮ್ಮೆ ಸೊನ್ನೆಯಿಂದ ಸೂಚಿಸಲಾಗಿರುತ್ತದೆ. ಸಂಪಾದಕನು ಇವೆಲ್ಲವನ್ನೂ ಬಿಡಿಸಿ, ಕೂಡಿಸಿ, ತಿದ್ದಿ ಓದುಗನ ಕೈಗಿಡುತ್ತಾನೆ. ಅವನೂ ಶುದ್ಧೀಕರಣವನ್ನೇ ಮಾಡುತ್ತಾನೆ. ಆದರೆ ಯಾವ ಪ್ರತಿಗಳನ್ನು ನೋಡಿದೆ, ಯಾವ ಪಾಠವನ್ನು ಸ್ವೀಕರಿಸಿದೆ, ಯಾವುದನ್ನು ಬಿಟ್ಟೆ ಎಂಬುದನ್ನು ಪೀಠಿಕೆಯಲ್ಲಿಯೂ ಅಡಿಟಿಪ್ಪಣಿಯ ಪಾಠಾಂತರಗಳಲ್ಲಿಯೂ ದಾಖಲಿಸುತ್ತಾನೆ. ಮುಂದಿನ ವಿದ್ವಾಂಸನು ಅವನ ತೀರ್ಮಾನವನ್ನು ಒಪ್ಪದಿರಲು ಬೇಕಾದ ಸಾಮಗ್ರಿಯನ್ನು ಅವನೇ ಒದಗಿಸಿರುತ್ತಾನೆ. ಸಂಪಾದಕನ ಪ್ರಾಮಾಣಿಕತೆ ಇರುವುದು ಇಲ್ಲಿಯೇ.

ಜನಪದ ಸಂಗ್ರಹಗಳ ಇತಿಹಾಸದಲ್ಲಿ ಈ ಶಿಸ್ತು ಸಮನಾಗಿ ಪಾಲನೆಯಾಗಿಲ್ಲ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಪ್ರಕಟವಾದ ೧೯೩೧ರ ಕಾಲಕ್ಕೆ ಧ್ವನಿಮುದ್ರಣ ಕೈಗೆಟುಕುವ ಸಾಧನವಾಗಿರಲಿಲ್ಲ. ಅಂದಿನ ಸಂಗ್ರಾಹಕರು ಕಿವಿಯನ್ನೂ ಲೇಖನಿಯನ್ನೂ ನಂಬಿ ಮಾಡಿದ ಕೆಲಸ ಅಪಾರವಾದುದು. ಆದರೆ ನಂತರದ ದಶಕಗಳಲ್ಲಿಯೂ ಆಡುನುಡಿಯನ್ನು ಗ್ರಾಂಥಿಕ ರೂಪಕ್ಕೆ ತಿದ್ದುವುದು, ಅಶ್ಲೀಲವೆಂದು ತೋರಿದ ಸಾಲುಗಳನ್ನು ಕೈಬಿಡುವುದು, ಪುನರಾವರ್ತನೆಗಳನ್ನು ಕತ್ತರಿಸುವುದು ಸದ್ದಿಲ್ಲದೆ ನಡೆದುಬಂದಿತು. ಮಲೆಯ ಮಾದೇಶ್ವರ ಕಾವ್ಯಕ್ಕೆ ಪಿ.ಕೆ. ರಾಜಶೇಖರ ಅವರ ೧೯೭೩ರ ಸಂಪಾದನೆಯೂ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ೧೯೯೭ರ ಪ್ರಕಟಣೆಯೂ ದೊರೆಯುತ್ತವೆ. ಮೊದಲನೆಯದು ಮೊಳೆಯಚ್ಚಿನ ಕಾಲದ್ದು, ಎರಡನೆಯದು ಗಣಕ ಮುದ್ರಣದ ಕಾಲದ್ದು. ಬೇರೆ ಬೇರೆ ಹಾಡಿಕೆಗಳ ಇಂತಹ ಪಾಠಗಳನ್ನು ಮುಂದೊಮ್ಮೆ ಸಾಲಿಗೆ ಸಾಲು ಹೋಲಿಸಬೇಕಾದಾಗ ಕಂಡ ಭೇದವು ಹಾಡುಗಾರನದೋ, ಸಂಪಾದಕನದೋ, ಅಚ್ಚಿನದೋ, ಆದೇಶಮಾಲೆಯದೋ ಎಂದು ತಿಳಿಯುವ ದಾರಿಯನ್ನು ನಾವು ಈಗಲೇ ಉಳಿಸಿಡಬೇಕಾಗುತ್ತದೆ. ಶೆಲ್ ಸ್ಕ್ರಿಪ್ಟ್ ಎಂಬುದು ಶಿಷ್ಟೀಕರಣದ ಹಳೆಯ ಚಾಳಿಗೆ ಒದಗಿದ ಹೊಸ ವೇಗ ಮಾತ್ರ.

ಈ ಎರಡು ಪರಂಪರೆಗಳು ಒಂದೇ ನಗರಭಾಗದಲ್ಲಿ, ಒಂದರ ಅರಿವು ಇನ್ನೊಂದಕ್ಕೆ ಇಲ್ಲದಂತೆ ಬದುಕುತ್ತಿವೆ. ಎಂ.ವಿ. ಸೀತಾರಾಮಯ್ಯನವರು ಕಟ್ಟಿದ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನವು ನರಸಿಂಹರಾಜ ಕಾಲೊನಿಯಲ್ಲಿದ್ದು, ಹಸ್ತಪ್ರತಿಗಳ ಸಂರಕ್ಷಣೆ ಮತ್ತು ಬೋಧನೆಯಲ್ಲಿ ತೊಡಗಿದೆ. ಅಲ್ಲಿಂದ ಅನತಿದೂರದಲ್ಲಿ, ಜಯನಗರ, ಬನಶಂಕರಿಗಳ ಡಿಟಿಪಿ ಅಂಗಡಿಗಳಲ್ಲಿ, ಎಷ್ಟೋ ಕನ್ನಡ ಗ್ರಂಥಗಳು ಗಣಕಕ್ಕೆ ಏರಿವೆ. ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ನೆಲೆಸಿ ತಂತ್ರಾಂಶ ಉದ್ಯಮದಲ್ಲಿ ದುಡಿಯುವ ಯುವಕರಿಗೆ ಸೆಡ್ ಮತ್ತು ಗ್ರೆಪ್ ದಿನಬಳಕೆಯ ಉಪಕರಣಗಳು. ಪಾಠಾಂತರವೆಂದರೇನೆಂದು ಬಲ್ಲವರೂ ಬೈಟೆಂದರೇನೆಂದು ಬಲ್ಲವರೂ ನಾಲ್ಕು ಮೈಲಿಗಳೊಳಗೆ ಇದ್ದಾರೆ. ಇವರನ್ನು ಒಂದೇ ಮೇಜಿನ ಸುತ್ತ ಕೂರಿಸುವ ಏರ್ಪಾಟು ಇನ್ನೂ ಆಗಬೇಕಾಗಿದೆ.

೮. ಪಾಲಿಸಬೇಕಾದ ಕ್ರಮಗಳು

ಮೇಲಿನ ವಿವೇಚನೆಯಿಂದ ಕೆಲವು ಸೂತ್ರಗಳನ್ನು ನಿರೂಪಿಸಬಹುದು.

ಮೊದಲನೆಯದಾಗಿ, ಕೈಗೆ ಬಂದ ಕಡತವನ್ನು ಹಸ್ತಪ್ರತಿಯೆಂದೇ ಪರಿಗಣಿಸಬೇಕು. ಅದರ ಒಂದು ಪ್ರತಿಯನ್ನು ಯಾವ ತಿದ್ದುಪಡಿಯೂ ಇಲ್ಲದೆ ಕಾಯ್ದಿರಿಸಬೇಕು. ಸ್ಥಳದಲ್ಲೇ ತಿದ್ದುವ ಆಯ್ಕೆಯನ್ನು ಮೂಲಪ್ರತಿಯ ಮೇಲೆ ಎಂದೂ ಬಳಸಬಾರದು.

ಎರಡನೆಯದಾಗಿ, ಅಳಿಸುವ ಮುನ್ನ ಎಣಿಸಬೇಕು. ಯಾವ ಅಗೋಚರ ಚಿಹ್ನೆ ಎಷ್ಟು ಬಾರಿ, ಯಾವ ಅಕ್ಷರಗಳ ನಡುವೆ ಬಂದಿದೆ ಎಂಬ ಪಟ್ಟಿಯನ್ನು ಸಿದ್ಧಪಡಿಸಬೇಕು. ಬೈಟುಗಳನ್ನು ಸಂಖ್ಯಾರೂಪದಲ್ಲಿ ತೋರಿಸುವ ಓಡಿ ಆದೇಶ ಇದಕ್ಕೆ ಸಾಕು. ಶುದ್ಧೀಕರಣದ ಬಳಿಕ ಮತ್ತೆ ಎಣಿಸಿ ಎರಡನ್ನೂ ಹೋಲಿಸಬೇಕು.

ಮೂರನೆಯದಾಗಿ, ಚಿಹ್ನೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬೇಕು. ೧೩, ೬೫೨೭೯ ಮೊದಲಾದವು ಯಂತ್ರದ ಶೇಷಗಳು. ಇವುಗಳನ್ನು ನಿಸ್ಸಂಕೋಚವಾಗಿ ತೆಗೆಯಬಹುದು. ಬಿಡಿಕೆ ಮತ್ತು ಕೂಡಿಕೆಗಳು ಲಿಪಿಯ ಅಂಗಗಳು. ಇವುಗಳನ್ನು ಸಂದರ್ಭ ನೋಡಿ ಮಾತ್ರ ಮುಟ್ಟಬೇಕು. ಪದಾಂತ್ಯದ ನಿಷ್ಕ್ರಿಯ ಬಿಡಿಕೆಯನ್ನು ತೆಗೆದು, ವಿರಾಮ ಮತ್ತು ವ್ಯಂಜನಗಳ ನಡುವಿನದನ್ನು ಉಳಿಸುವಂತೆ ಸೆಡ್‌ಗೆ ಆದೇಶಿಸುವುದು ಕಷ್ಟವೇನಲ್ಲ. ಸಾಲಿನ ಮುರಿತ, ಚರಣಗಳ ನಡುವಿನ ಖಾಲಿ ಸಾಲು, ಸೊಲ್ಲಿನ ಮುಂದಿನ ಅಂತರ ಇವು ಹಾಡಿಕೆಯ ಕುರುಹುಗಳು. ಧ್ವನಿಸುರುಳಿ ಲಭ್ಯವಿದ್ದರೆ ಅದನ್ನು ಕೇಳದೆ ಇವುಗಳನ್ನು ಬದಲಿಸಕೂಡದು.

ನಾಲ್ಕನೆಯದಾಗಿ, ಓದುವ ಪಾಠವನ್ನೂ ಹುಡುಕುವ ಪಾಠವನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಹುಡುಕಾಟಕ್ಕೆಂದು ಸಿದ್ಧಪಡಿಸಿದ ಪಾಠದಲ್ಲಿ ಬಿಡಿಕೆ, ಕೂಡಿಕೆಗಳನ್ನೆಲ್ಲ ಅಳಿಸಿದರೂ ಬಾಧಕವಿಲ್ಲ. ಅದರ ಪ್ರತಿಯೊಂದು ಸಾಲೂ ಓದುವ ಪಾಠದ ಸಾಲಿಗೆ ಹೊಂದಿಕೊಂಡಿದ್ದರೆ ಸಾಕು. ಇದರಿಂದ ತಂತ್ರಜ್ಞನ ಅಗತ್ಯವೂ ಸಂಪಾದಕನ ಅಗತ್ಯವೂ ಏಕಕಾಲದಲ್ಲಿ ಪೂರೈಸುತ್ತವೆ.

ಐದನೆಯದಾಗಿ, ಬಳಸಿದ ಸ್ಕ್ರಿಪ್ಟನ್ನು ಪಠ್ಯದೊಂದಿಗೆ ಪ್ರಕಟಿಸಬೇಕು. ಅದು ಪಾಠಾಂತರಗಳ ಅಡಿಟಿಪ್ಪಣಿಗೆ ಸಮಾನವಾದುದು. ಈ ವಿಷಯದಲ್ಲಿ ಶೆಲ್ ಸ್ಕ್ರಿಪ್ಟ್ ಮಾನವ ಸಂಪಾದಕನಿಗಿಂತ ಒಂದು ಹೆಜ್ಜೆ ಮುಂದಿದೆ ಎಂಬುದನ್ನು ಒಪ್ಪಬೇಕು. ಕರಡು ತಿದ್ದುವವನು ಏನನ್ನು ಏಕೆ ತಿದ್ದಿದನೆಂಬುದು ಅವನೊಂದಿಗೇ ಮರೆಯಾಗಬಹುದು. ಸ್ಕ್ರಿಪ್ಟು ಮಾತ್ರ ತಾನು ಮಾಡಿದ್ದನ್ನೆಲ್ಲ ತನ್ನೊಳಗೇ ಬರೆದುಕೊಂಡಿರುತ್ತದೆ. ಅದನ್ನು ಉಳಿಸಿಕೊಳ್ಳುವ ಮನಸ್ಸು ನಮಗಿರಬೇಕು.

೯. ಸಮಾರೋಪ

ಅಗೋಚರ ಚಿಹ್ನೆಗಳ ಪ್ರಶ್ನೆಯನ್ನು ತಂತ್ರಜ್ಞಾನದ ಕಿರಿಕಿರಿಯೆಂದು ಬದಿಗೆ ಸರಿಸುವುದು ಸುಲಭ. ಆದರೆ ಮೌಖಿಕ ಪರಂಪರೆಯ ಅಧ್ಯಯನವು ಕಾಣದ ಸಂಗತಿಗಳ ಅಧ್ಯಯನವೇ ಆಗಿದೆ. ಉಸಿರು, ತಡೆ, ಎಳೆತ, ಮೌನ ಇವುಗಳಿಗೆ ಬರಹದಲ್ಲಿ ಸ್ಥಾನ ಕಲ್ಪಿಸಲು ಜಾನಪದ ವಿದ್ವಾಂಸರು ದಶಕಗಳ ಕಾಲ ಶ್ರಮಿಸಿದ್ದಾರೆ. ಹಾಗೆ ಕಲ್ಪಿಸಿದ ಅಲ್ಪ ಸ್ಥಾನವೂ ಇಂದು ಗಣಕದ ಕಡತದಲ್ಲಿ ಅಗಲವಿಲ್ಲದ, ಆಕಾರವಿಲ್ಲದ ಕೆಲವು ಸಂಖ್ಯೆಗಳಲ್ಲಿ ನಿಂತಿದೆ. ಅವುಗಳಲ್ಲಿ ಕೆಲವು ಕಸ, ಕೆಲವು ಕಾಳು. ಯಾವುದು ಕಸ, ಯಾವುದು ಕಾಳು ಎಂದು ಹೇಳುವ ಹೊಣೆಯನ್ನು ಜಾನಪದ ಸಂಶೋಧಕನು ಮೊರದ ಮೇಲೆ ಹೊರಿಸಿ ಕೂರುವಂತಿಲ್ಲ. ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ತಮ್ಮ ಹಳೆಯ ಕಡತಗಳನ್ನು ಪರಿವರ್ತನೆಗೆ ಒಪ್ಪಿಸುವಾಗ ಮೂಲವನ್ನು ಉಳಿಸುವ, ಬದಲಾವಣೆಯನ್ನು ದಾಖಲಿಸುವ ನಿಯಮವೊಂದನ್ನು ಕರಾರಿನಲ್ಲಿಯೇ ಸೇರಿಸುವುದು ಈ ದಿಕ್ಕಿನಲ್ಲಿ ಮೊದಲ ಹೆಜ್ಜೆಯಾಗಬಲ್ಲದು.